ಡಸ್ಟರ್ ಸಮೇತ ಡ್ಯಾಂಡಿನಾಂಗ್‌ಗೆ

ಸಿಡ್ನಿ: ವಿಮಾನ ನಿಲ್ದಾಣ

ಆಸ್ಟ್ರೇಲಿಯಾ ಸರ್ಕಾರವು ನನ್ನ ಡಸ್ಟರನ್ನು ಪರೀಕ್ಷಿಸಿ, ಅದರಿಂದ ಆ ಖಂಡಕ್ಕೆ ಯಾವ ಅಪಾಯವೂ ಇಲ್ಲವೆಂದು ತೀರ್ಮಾನಿಸಿತು. ಆ ತೀರ್ಮಾನ ತಪ್ಪಾಗಿತ್ತೆಂದು ಈಗ ವಿನಯಪೂರ್ವಕವಾಗಿ ಹೇಳಬೇಕಾಗಿದೆ.

ಇಳಿಯುವ ಮೊದಲು ತುಂಬಿಸಬೇಕಾದ ಫಾರ್ಮಿನಲ್ಲಿ, ಮರದಿಂದ ಮಾಡಿದ ವಸ್ತು ಏನಾದರೂ ನಿಮ್ಮ ಬಳಿ ಇದೆಯೇ ಎಂದು ಕೇಳಿದ್ದರು. ಪಕ್ಕದ ಸೀಟಿನ ಬೆಂಗಳೂರಿನವರು, "ಇಲ್ಲ ಅಂತ ಹಾಕಿ ಸಾರ್, ಸುಮ್ನೆ ರಗಳೆ" ಎಂದರು. ಗದಗಿನ ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ, ಪರೀಕ್ಷೆಯ ಕೋಣೆಯಲ್ಲಿ ಅಂಥ ಪಿಸುಮಾತುಗಳನ್ನೇ ಹಿಡಿಯುತ್ತ ಬದುಕಿದವನು ನಾನು. "ಹೌದು" ಎಂಬಲ್ಲಿ ಗುರುತು ಹಾಕಿದೆ. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಸಾಗವಾನಿ ಹಿಡಿಕೆಯ ಡಸ್ಟರು ಬನಿಯನ್ನುಗಳ ನಡುವೆ ಭದ್ರವಾಗಿತ್ತು. ತರಗತಿಗೆ ಹೋಗುವವನು ಡಸ್ಟರ್ ಇಲ್ಲದೆ ಹೋಗುವುದು, ಮದುವೆಗೆ ಅಂಗಿ ಇಲ್ಲದೆ ಹೋದಂತೆ ಎಂಬುದು ನನ್ನ ಅಭಿಪ್ರಾಯ.

ಕೈಗವಸು ತೊಟ್ಟ ಅಧಿಕಾರಿಣಿ ಅದನ್ನು ಎರಡು ಬೆರಳುಗಳಲ್ಲಿ ಎತ್ತಿ, ಇದೇನು ಎಂದು ಕೇಳಿದಳು. ನನ್ನ ಇಂಗ್ಲಿಷು ಅವಳಿಗೆ, ಅವಳದು ನನಗೆ ಸರಿಯಾಗಿ ತಲುಪದ ಕಾರಣ ನಾನು ಅವಳ ಉಕ್ಕಿನ ಮೇಜನ್ನೇ ಒಮ್ಮೆ ಒರೆಸಿ ತೋರಿಸಿದೆ. ಗದಗಿನ ಸೀಮೆಸುಣ್ಣದ ಧೂಳು ಒಂದಿಷ್ಟು ಎದ್ದಿತು. ಅವಳು ಹಿಂದೆ ಸರಿದು, ಡಸ್ಟರನ್ನು ಒಳಗೆ ಒಯ್ದಳು. ಬಹಳ ಹೊತ್ತಿನ ನಂತರ ಬಂದು, "ಹುಳ ಇಲ್ಲ, ಒಯ್ಯಬಹುದು" ಎಂದು ಕೈಗಿತ್ತಳು. ಶೇಂಗಾ ಚಟ್ನಿಪುಡಿಯನ್ನು ಅವಳು ಮೂಸಿಯೂ ನೋಡಲಿಲ್ಲ. ಆ ದೇಶದಲ್ಲಿ ನನ್ನ ಗೊಂದಲಗಳ ಲೆಕ್ಕ ಅಲ್ಲಿಂದ ಶುರು.

ನಾನು ಹೋದದ್ದು ಅಶ್ವಿನಿಯ ಕರೆಗೆ. ಹದಿನೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂತು, ಪ್ರತಿ ಲೆಕ್ಕಕ್ಕೂ "ಹೆಂಗ್ರಿ ಸರ?" ಎಂದು ಪ್ರಾಣ ತಿನ್ನುತ್ತಿದ್ದ ಹುಡುಗಿ. ಈಗ ಮೆಲ್ಬರ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅಲ್ಲಿ ಸಮುದಾಯ ಕಾಲೇಜುಗಳೆಂದಿವೆ. ಶಾಲೆಯಲ್ಲಿ ಗಣಿತಕ್ಕೆ ಹೆದರಿ ಓಡಿಹೋದವರು ನಲವತ್ತರ ವಯಸ್ಸಿನಲ್ಲೂ ಅಲ್ಲಿಗೆ ಬಂದು ಮತ್ತೆ ಕೂಡುವುದು, ಕಳೆಯುವುದು ಕಲಿಯುತ್ತಾರೆ. ಹಾಗೆ ಕಲಿಯುವಾಗ ಅವರ ತಲೆಯೊಳಗೆ ಏನು ನಡೆಯುತ್ತದೆ ಎಂಬುದು ಅವಳ ಸಂಶೋಧನೆ. ಫೋನಿನಲ್ಲಿ ಹೇಳಿದಳು:

"ಸರ, ಕ್ಲಾಸಿನ್ಯಾಗ ಹಿಂದ ಕೂತು ನೋಡಾಕ ಒಬ್ಬರು ಬೇಕಾಗ್ಯಾರ್ರಿ. ನಿಮ್ಮಂಥಾವರು."

"ನಮ್ಮಂಥಾವರು ಅಂದ್ರ?"

"ಜೀವನದಾಗ ತಪ್ಪು ಉತ್ತರ ಭಾಳ ನೋಡಿದವರು."

ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಇಲಾಖೆಯಿಂದಲೂ ಸಿಕ್ಕಿರಲಿಲ್ಲ.

ಸಿಡ್ನಿ: ದಿ ಪಾಂಡ್ಸ್

ಅಶ್ವಿನಿ ನೋಡಬೇಕೆಂದ ತರಗತಿಗಳಲ್ಲಿ ಒಂದು ಸಿಡ್ನಿಯಲ್ಲಿದ್ದುದರಿಂದ ಮೊದಲ ವಾರ ಅಲ್ಲೇ. ಇಳಿದುಕೊಂಡದ್ದು ಅಶ್ವಿನಿಯ ಪರಿಚಯದ ರಘುನಂದನ್ ಅವರ ಮನೆಯಲ್ಲಿ, ದಿ ಪಾಂಡ್ಸ್ ಎಂಬ ಹೊಸ ಬಡಾವಣೆಯಲ್ಲಿ. ಅವರು ಮೈಸೂರಿನವರು, ಹೆಂಡತಿ ಸುಷ್ಮಾ ಬೆಂಗಳೂರಿನವರು, ಮಗಳು ಅನಿಕಾಗೆ ಹತ್ತು ವರ್ಷ. ಆ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚಿನವು. ಎಲ್ಲಕ್ಕೂ ಬೂದು ಬಣ್ಣದ ಹೆಂಚು, ಎಲ್ಲದರ ಮುಂದೆಯೂ ಒಂದು ಹಿಡಿ ಹುಲ್ಲು.

"ಸಾರ್, ವಾಕಿಂಗ್ ಹೋದ್ರೆ ಫೋನ್ ತಗೊಂಡ್ಹೋಗಿ. ಇಲ್ಲಿ ನಮ್ಗೇ ಕನ್ಫ್ಯೂಸ್ ಆಗುತ್ತೆ" ಎಂದರು ರಘುನಂದನ್.

ಫೋನ್ ಏಕೆ? ಮನೆಯ ನಂಬರು ಮೂವತ್ತೇಳು, ಅವಿಭಾಜ್ಯ ಸಂಖ್ಯೆ, ಮರೆಯುವ ಮಾತೇ ಇಲ್ಲ. ದಿಕ್ಕಿಗೆ ಸೂರ್ಯನಿದ್ದಾನೆ. ಜೂನ್ ತಿಂಗಳು ಅಲ್ಲಿ ಚಳಿಗಾಲ. ಚಳಿಗಾಲದ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆಂಬುದು ನಾನು ಅರವತ್ತೆರಡು ವರ್ಷ ಪರೀಕ್ಷಿಸಿ ನೋಡಿದ ಸತ್ಯ. ಆ ಸತ್ಯವನ್ನು ಹಿಡಿದು ಮುಕ್ಕಾಲು ಗಂಟೆ ನಡೆದೆ. ಆ ಗೋಳಾರ್ಧದಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಕೊನೆಗೆ ಒಂದು ಮೂವತ್ತೇಳು ಕಂಡಿತು. ಗಂಟೆ ಒತ್ತಿದೆ. ಬಾಗಿಲು ತೆರೆದವರನ್ನು ನಾನು ಹಿಂದೆ ಕಂಡಿರಲಿಲ್ಲ.

ಅವರು ನನ್ನ ಮುಖ ನೋಡಿದರು, ನನ್ನ ಕುತ್ತಿಗೆಯ ಮಫ್ಲರ್ ನೋಡಿದರು. "ಯಾವೂರ್ರಿ?" ಎಂದರು.

"ಗದಗ."

"ನಾವು ಬೆಳಗಾವಿ. ಬರ್ರಿ ಒಳಗ, ಚಾ ಕುಡೀರಿ. ನಿಮ್ಮ ಮನಿ ಆಮ್ಯಾಲೆ ಹುಡುಕೋಣ."

ಚಹಾ ಮುಗಿಸಿ ಅವರೇ ಕಾರಿನಲ್ಲಿ ಬಿಟ್ಟುಹೋದರು. ಹಿಂದಿನ ಬೀದಿಯೇ ಆಗಿತ್ತು.

ಅಂದು ಸಂಜೆ ಅನಿಕಾ ತನ್ನ ಹೋಂವರ್ಕ್ ತಂದು ತೋರಿಸಿದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಲೆಕ್ಕದ ಉತ್ತರ ನಲವತ್ತೆಂಟು. ಅವಳೂ ನಲವತ್ತೆಂಟು ಎಂದೇ ಬರೆದಿದ್ದಳು. ಆದರೂ ಟೀಚರು ಕೆಳಗೆ, ನಿನಗೆ ಹೇಗೆ ಗೊತ್ತು ಎಂದು ಬರೆದು ಹಿಂದಿರುಗಿಸಿದ್ದರು.

"ಉತ್ತರ ಸರಿ ಐತಿ. ಇನ್ನೇನು ಬೇಕಂತ ಅವರಿಗೆ?" ಎಂದೆ.

"ಬಟ್ ಹೌ ಡು ಯು ನೋ, ಅಂಕಲ್?"

"ಯಾಕಂದ್ರ ಅದು ನಲವತ್ತೆಂಟೇ."

ಆ ಮಗು ನನ್ನನ್ನು ಕನಿಕರದಿಂದ ನೋಡಿತು. ಸುಷ್ಮಾ ಅಡುಗೆಮನೆಯಿಂದ, "ಅನಿಕಾ, ಅಂಕಲ್‌ನ ಟ್ರಬಲ್ ಮಾಡ್ಬೇಡ" ಎಂದರು. ನಾನು ಅದಾಗಲೇ ಟ್ರಬಲ್ಲಿನಲ್ಲಿದ್ದೆ.

ಸಿಡ್ನಿ: ಪೆಂಡಲ್ ಹಿಲ್

ಸಿಡ್ನಿಯ ತರಗತಿ ಮರಗೆಲಸ ಕಲಿಯುವ ದೊಡ್ಡವರದು. ಒಳಗೆ ಹೋಗುವ ಮೊದಲು, ಅದಕ್ಕೆಂದೇ ಮೆಲ್ಬರ್ನಿನಿಂದ ಬಂದಿದ್ದ ಅಶ್ವಿನಿ ನನ್ನಿಂದ ನಾಲ್ಕು ಪುಟದ ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಪರಿಶೀಲಕನು ಮಾತಾಡತಕ್ಕದ್ದಲ್ಲ. ತಿದ್ದತಕ್ಕದ್ದಲ್ಲ. ಮುಖದಲ್ಲಿ ಸಮ್ಮತಿ ಅಥವಾ ಅಸಮ್ಮತಿ ತೋರತಕ್ಕದ್ದಲ್ಲ. ಸುಳ್ಳೇಕೆ, ಅಷ್ಟು ನಿರ್ಬಂಧ ನನಗೆ ನನ್ನ ಮದುವೆಯಲ್ಲೂ ಇರಲಿಲ್ಲ.

ಹಿಂದಿನ ಕುರ್ಚಿಯಲ್ಲಿ ಕೂತೆ. ಮುಂದೆ ಒಬ್ಬ ಗಡ್ಡದ ಮನುಷ್ಯ ಹಲಗೆಯ ಉದ್ದವನ್ನು ಭಾಗಿಸುವ ಬದಲು ಗುಣಿಸುತ್ತಿದ್ದ. ಟೀಚರಮ್ಮ ಪಕ್ಕದಲ್ಲೇ ನಿಂತು ನಗುನಗುತ್ತ ನೋಡುತ್ತಿದ್ದರು. ಒಂದು ನಿಮಿಷ ತಡೆದೆ. ಎರಡು ನಿಮಿಷ ತಡೆದೆ. ಮೂರನೇ ನಿಮಿಷಕ್ಕೆ ನನ್ನ ಅಪ್ಪಣೆಯಿಲ್ಲದೆ ಗಂಟಲಿನಿಂದ ಒಂದು ಕೆಮ್ಮು ಹೊರಬಂತು. ಗಡ್ಡದವನು ತಲೆ ಎತ್ತದೆಯೇ ಗುಣಾಕಾರವನ್ನು ಹೊಡೆದುಹಾಕಿ ಭಾಗಾಕಾರ ಮಾಡಿದ. ಪರೀಕ್ಷೆಯ ಕೋಣೆಯ ಕೆಮ್ಮಿಗೆ ಭಾಷೆಯ ಹಂಗಿಲ್ಲವೆಂದು ಆಗ ತಿಳಿಯಿತು.

ಮುಗಿದ ಮೇಲೆ ಪೆಂಡಲ್ ಹಿಲ್ ಸ್ಟೇಷನ್ನಿನ ಬಳಿಯ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುತ್ತ ಅಶ್ವಿನಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಸರ, ಕೆಮ್ಮಬ್ಯಾಡ್ರಿ."

"ಕೆಮ್ಮು ಬಂದ್ರ ಏನ್ ಮಾಡ್ಲಿ?"

"ಅದು ಬಂದ ಕೆಮ್ಮಲ್ರಿ, ನೀವು ಕಳಿಸಿದ ಕೆಮ್ಮು. ಮೂರು ವರ್ಷ ನಿಮ್ಮ ಕ್ಲಾಸಿನ್ಯಾಗ ಕೂತೀನಿ, ನನಗ ಗೊತ್ತಿಲ್ಲೇನು?"

"ಅವ ತಪ್ಪು ಮಾಡಾಕತ್ತಿದ್ನವ್ವಾ!"

"ಆ ತಪ್ಪಽ ನಮಗ ಬೇಕ್ರಿ. ಸರಿ ಉತ್ತರ ಎಲ್ಲರದೂ ಒಂದಽ ಇರ್ತದ. ಯಾರು ಹೆಂಗ ವಿಚಾರ ಮಾಡ್ತಾರ ಅನ್ನೂದು ತಪ್ಪಿನ್ಯಾಗ ಕಾಣ್ತದ."

ದೋಸೆ ಗಂಟಲಲ್ಲಿ ಸಿಕ್ಕಿತು. ಅಂದರೆ ಮೂವತ್ತನಾಲ್ಕು ವರ್ಷ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆಲ್ಲ ಈ ದೇಶದಲ್ಲಿ ಸಂಗ್ರಹಯೋಗ್ಯ ಸಾಮಗ್ರಿ. ನೀರು ಕುಡಿದೆ. ಕೆಮ್ಮಲು ಮಾತ್ರ ಧೈರ್ಯ ಬರಲಿಲ್ಲ.

ಮೆಲ್ಬರ್ನ್, ಡ್ಯಾಂಡಿನಾಂಗ್: ಬುಧವಾರ

ಡ್ಯಾಂಡಿನಾಂಗ್ ಮೆಲ್ಬರ್ನಿನ ಅಂಚಿನಲ್ಲಿದೆ. ಸುತ್ತ ಕಾರ್ಖಾನೆಗಳು, ಗೋದಾಮುಗಳು. ಪೇಟೆಯಲ್ಲಿ ಹತ್ತು ದೇಶದ ಜನ, ಹತ್ತು ಬಗೆಯ ರೊಟ್ಟಿ. ರೊಟ್ಟಿ ಕಂಡಲ್ಲಿ ಗದಗಿನವನಿಗೆ ನೆಮ್ಮದಿ. ಆದ್ದರಿಂದ ಈ ಊರಿನಲ್ಲಿ ಗೊಂದಲ ಇರಲಾರದೆಂದು ಭಾವಿಸಿದೆ.

ತರಗತಿಯ ಮೇಷ್ಟ್ರು ಕಾಲಿನ್ ಎಂಬ ಎತ್ತರದ, ಸಾವಧಾನದ ಮನುಷ್ಯ. ಕೈ ಕುಲುಕಿ ನನ್ನನ್ನು ಬರೀ ಹೆಸರು ಹಿಡಿದು ಕರೆದ. ನಮ್ಮ ತಂದೆ ತೀರಿಕೊಂಡ ಮೇಲೆ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಒಂದು ಕ್ಷಣ ಬೆನ್ನು ನೆಟ್ಟಗಾಯಿತು. ಹನ್ನೊಂದು ಜನ ಕಲಿಯುವವರು. ಅವರಲ್ಲಿ ಒಬ್ಬಳು ಝರ್ಮೀನಾ, ಅಫ್ಘಾನಿಸ್ತಾನದಿಂದ ಬಂದವಳು, ನಲವತ್ತರ ಆಸುಪಾಸು, ತರಕಾರಿ ಗೋದಾಮಿನಲ್ಲಿ ಮಧ್ಯಾಹ್ನದ ಪಾಳಿ. ನರ್ಸಿಂಗ್ ಕೋರ್ಸಿಗೆ ಸೇರುವ ಆಸೆ. ಅದಕ್ಕೆ ಈ ಗಣಿತದ ತರಗತಿ ಮುಗಿಸಿರಬೇಕು. ಹಿಂದೆ ಎರಡು ಸಲ ಸೇರಿ, ಎರಡು ಸಲವೂ ನಡುವೆ ಬಿಟ್ಟುಹೋಗಿದ್ದಾಳೆಂದು ಅಶ್ವಿನಿ ಹೇಳಿದ್ದಳು. "ಈ ಸಲ ಅಕಿ ಮುಗಸ್ಬೇಕ್ರಿ ಸರ. ಇನ್ನೊಮ್ಮೆ ಬಿಟ್ರ ತಿರುಗಿ ಬರಂಗಿಲ್ಲ."

ಅಂದು ಕಾಲಿನ್ ಕೇಳಿದ ಲೆಕ್ಕ ಸಣ್ಣದು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಎಷ್ಟು? ಎಲ್ಲರೂ ಎದ್ದುಹೋಗಿ ಬಿಳಿ ಬೋರ್ಡಿನ ಮೇಲೆ ತಮ್ಮ ತಮ್ಮ ದಾರಿ ಬರೆಯಬೇಕು. ಝರ್ಮೀನಾ ಬರೆದಳು: ೧/೨ + ೧/೩ = ೨/೫.

ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುವ ಈ ತಪ್ಪು ನನಗೆ ಹಳೆಯ ನಂಟ. ಎಷ್ಟು ಸಾವಿರ ಸಲ ಅದರ ಮೇಲೆ ಗೀಟು ಎಳೆದಿದ್ದೇನೋ. ಕಾಲಿನ್ ಗೀಟು ಎಳೆಯಲಿಲ್ಲ. "ಹೇಗೆಂದು ತೋರಿಸುತ್ತೀಯಾ?" ಎಂದ.

ಅವಳು ಚೌಕಗಳನ್ನು ಬರೆದಳು. ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: "ಮೊದಲ ಗಾಡಿಯಲ್ಲಿ ಎರಡು ಪೆಟ್ಟಿಗೆ ಟೊಮ್ಯಾಟೊ, ಒಂದು ಕೊಳೆತಿದೆ. ಅರ್ಧ. ಎರಡನೇ ಗಾಡಿಯಲ್ಲಿ ಮೂರು ಪೆಟ್ಟಿಗೆ, ಒಂದು ಕೊಳೆತಿದೆ. ಮೂರರಲ್ಲಿ ಒಂದು. ಕೂಡಿಸಿದರೆ ಐದು ಪೆಟ್ಟಿಗೆ, ಎರಡು ಕೊಳೆತಿವೆ. ಐದರಲ್ಲಿ ಎರಡು. ದಿನಾ ಹೀಗೇ ಬರೆದುಕೊಡುತ್ತೇನೆ. ಗೋದಾಮಿನಲ್ಲಿ ಯಾರೂ ತಪ್ಪು ಅಂದಿಲ್ಲ."

ಅವಳ ಪೆಟ್ಟಿಗೆಗಳನ್ನು ಎಣಿಸಿದೆ. ಐದು. ಕೊಳೆತವು ಎರಡು. ಮತ್ತೆ ಎಣಿಸಿದೆ. ಐದೇ ಇದ್ದವು. ಉತ್ತರ ತಪ್ಪೆಂದು ನನಗೆ ಗೊತ್ತು, ನಲವತ್ತೆಂಟು ಗೊತ್ತಿದ್ದ ಹಾಗೆ. ಹೇಗೆ ಗೊತ್ತು ಎಂದು ಅನಿಕಾ ಕೇಳಿದ್ದರೆ ಮಾತ್ರ ಹೇಳಲು ಬರುತ್ತಿರಲಿಲ್ಲ. ಕಾಲಿನ್, "ಇದು ಬಹಳ ಚೆನ್ನಾಗಿದೆ. ಶುಕ್ರವಾರ ಇಲ್ಲಿಂದಲೇ ಶುರು ಮಾಡೋಣ" ಎಂದು ತರಗತಿ ಮುಗಿಸಿದ. ಎಲ್ಲರೂ ಹೊರಟರು. ಅಶ್ವಿನಿಗೆ ಫೋನ್ ಬಂತು. "ಸರ, ಇಲ್ಲೇ ಕೂತಿರ್ರಿ, ಹತ್ತು ನಿಮಿಷದಾಗ ಬಂದೆ" ಎಂದು ಹೋದಳು.

ಕೋಣೆಯಲ್ಲಿ ನಾನು, ಬೋರ್ಡು, ಚೀಲದಲ್ಲಿ ಡಸ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ತರಗತಿ ಬಿಟ್ಟು ಹೋಗುವವರು ಬೋರ್ಡು ಒರೆಸಿ ಹೋಗಬೇಕು. ಮುಂದಿನ ಮೇಷ್ಟ್ರಿಗೆ ಮೈಲಿಗೆ ಬೋರ್ಡು ಬಿಟ್ಟುಹೋದವನನ್ನು ಸ್ಟಾಫ್‌ರೂಮಿನಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಿಸುವುದಿಲ್ಲ. ಅಲ್ಲಿ ಹಾಗಲ್ಲ. ಬಂದವರು ತಮಗೆ ಬೇಕಾದರೆ ಒರೆಸಿಕೊಳ್ಳುತ್ತಾರೆ. ಇನ್ನೊಬ್ಬರ ಬರಹವನ್ನು ಹೋಗುವವರು ಮುಟ್ಟುವುದಿಲ್ಲ. ಇದು ನಾಲ್ಕು ಪುಟದ ಆ ಕಾಗದದಲ್ಲಿ ಇರಲಿಲ್ಲ. ಒರೆಸುವವನೊಬ್ಬ ಸ್ವಂತ ಡಸ್ಟರ್ ಸಮೇತ ಬರುತ್ತಾನೆಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಎದ್ದೆ. ಒರೆಸಿದೆ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಒಂದು ಚುಕ್ಕಿಯೂ ಉಳಿಯದಂತೆ. ಮೂಲೆಯಲ್ಲಿ ಉಗುರಿನಿಂದ ಕೆರೆದೆ ಕೂಡ. ತಿರುಗಿದಾಗ ಬಾಗಿಲಲ್ಲಿ ಝರ್ಮೀನಾ ನಿಂತಿದ್ದಳು. ಮೇಜಿನ ಮೇಲೆ ಮರೆತಿದ್ದ ನೀರಿನ ಬಾಟಲಿಗೆ ಬಂದವಳು. ಬೋರ್ಡು ನೋಡಿದಳು. ನನ್ನ ಕೈಯ ಡಸ್ಟರು ನೋಡಿದಳು. ಹೇಗಿದೆ ನೋಡು ಎಂಬಂತೆ ನಾನು ಬೋರ್ಡಿನ ಕಡೆಗೆ ಕೈಮಾಡಿ ನಕ್ಕೆ. ಅವಳು ಬಾಟಲಿಯನ್ನೂ ತೆಗೆದುಕೊಳ್ಳದೆ ಹೊರಟುಹೋದಳು. ನಾಚಿಕೆ ಸ್ವಭಾವವೆಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅಶ್ವಿನಿ ಬಂದಳು.

"ಸರ... ಬೋರ್ಡಿನ ಮ್ಯಾಲೆ ಬರದದ್ದು ಎಲ್ಲೈತ್ರಿ?"

"ಒರಸೀನಿ."

"ಯಾಕ್ರಿ?"

"ಯಾಕಂದ್ರ? ಪಿರಿಯಡ್ ಮುಗೀತಲ್ಲ."

ಅವಳು ಹತ್ತಿರದ ಕುರ್ಚಿಯಲ್ಲಿ ಕುಸಿದಳು. "ಯಪ್ಪಾ! ಅದಽ ರೀ ನನ್ನ ಮೂರನೇ ವಾರದ ಡಾಟಾ."

"ಫೋಟೋ ತಗದಿಲ್ಲೇನು?"

"ಫೋಟೋಕ್ಕ ಇಬ್ಬರು ಒಪ್ಪಿಲ್ರಿ. ಕೈಲೇ ಬರಕೋತೀನಿ ಅಂತ ಪರ್ಮಿಷನ್ ತಗೊಂಡೀನಿ. ಹತ್ತು ನಿಮಿಷ ಬಿಟ್ಟು ಬರಕೊಳ್ಳಾಕಿ ಇದ್ದೆ."

ನಾನು ಡಸ್ಟರನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದೆ. ಆ ಭಂಗಿಯಲ್ಲಿ ನನ್ನ ಮುಂದೆ ನಿಂತ ಹುಡುಗರನ್ನು ಬಹಳ ನೋಡಿದ್ದೆ. ನಾನೇ ನಿಂತದ್ದು ಅದೇ ಮೊದಲು.

ಡ್ಯಾಂಡಿನಾಂಗ್: ಗುರುವಾರ

ಪಾಪಪರಿಹಾರಕ್ಕೆ ನನ್ನಲ್ಲೊಂದು ಉಪಾಯವಿತ್ತು. ಸರಿ ಉತ್ತರಗಳನ್ನು ನಾನು ನೆನಪಿಟ್ಟುಕೊಂಡವನಲ್ಲ, ತಪ್ಪುಗಳು ಮಾತ್ರ ಮರೆಯುವುದಿಲ್ಲ. ಇಂಥ ಬ್ಯಾಚಿನ ಇಂಥವನು ಇಂಥ ತಪ್ಪು ಮಾಡಿದ ಎಂದು ಇಂದಿಗೂ ಹೇಳಬಲ್ಲೆ. ಬೆಳಿಗ್ಗೆ ಅಶ್ವಿನಿಯ ಅಡುಗೆಮನೆಯ ಮೇಜಿನ ಮುಂದೆ ಕೂತು ಹನ್ನೊಂದು ಜನ ಬರೆದದ್ದನ್ನೂ ಬರೆದುಕೊಟ್ಟೆ. ಬಾಣದ ಗುರುತು, ಒಬ್ಬನ ವಕ್ರ ಏಳು, ಝರ್ಮೀನಾಳ ಐದು ಚೌಕ, ಎಲ್ಲ.

ಅಶ್ವಿನಿ ಅದನ್ನು ಹಿಡಿದು ಕಂಪ್ಯೂಟರಿನಲ್ಲಿ ತನ್ನ ಮಾರ್ಗದರ್ಶಕಿಯೊಡನೆ ಬಹಳ ಹೊತ್ತು ಮಾತಾಡಿ ಬಂದಳು.

"ಆಗಂಗಿಲ್ಲಂತ್ರಿ. ಅವರು ಬರದದ್ದು ಬೇಕು. ಅವರು ಬರದಾರಂತ ನಿಮಗ ನೆನಪಿದ್ದದ್ದು ಬ್ಯಾಡಂತ."

"ಎರಡೂ ಒಂದಽ ಅಲ್ಲೇನವ್ವಾ?"

"ಅಲ್ರಿ ಸರ."

ಯೋಚಿಸಿದೆ. ಒಂದೇ ಎಂದು ಸಾಧಿಸಲು ಹೋದಷ್ಟೂ ಬೇರೆ ಬೇರೆ ಎಂದು ಕಾಣತೊಡಗಿತು. ಇಂಥ ವಿಷಯಗಳನ್ನು ಆಹಾರ ಸೇವಿಸಿದ ಮೇಲೆ ಯೋಚಿಸುವುದು ಒಳ್ಳೆಯದೆಂದು ಚಟ್ನಿಪುಡಿ ತೆಗೆದೆ.

ಊಟದ ನಡುವೆ ಅಶ್ವಿನಿಯ ಫೋನಿಗೆ ಕಾಲಿನ್‌ನಿಂದ ಸಂದೇಶ ಬಂತು. ಅವಳು ಓದಿದಳು, ಮತ್ತೊಮ್ಮೆ ಓದಿದಳು.

"ಝರ್ಮೀನಾ ಕ್ಲಾಸ್ ಬಿಡ್ತಾಳಂತ್ರಿ. ನಾಳೆ ಬಂದು ಕಾಲಿನ್ ಕೊಟ್ಟಿದ್ದ ಪುಸ್ತಕ ಇಟ್ಟುಹೋಗ್ತಾಳಂತ."

"ಯಾಕಂತ?"

"ಬರದಿಲ್ಲ."

ಬುಧವಾರ ಬಾಗಿಲಲ್ಲಿ ನಿಂತಿದ್ದ ಝರ್ಮೀನಾಳ ಮುಖ ಆಗ ಕಣ್ಣಿಗೆ ಕಟ್ಟಿತು. ಕೈಯಲ್ಲಿದ್ದ ಚಪಾತಿ ಕೆಳಗಿಟ್ಟೆ. ನಡೆದದ್ದನ್ನು ಹೇಳಿದೆ, ನಕ್ಕದ್ದನ್ನೂ ಹೇಳಿದೆ. ಅಶ್ವಿನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಫೋನ್ ಹಚ್ಚು, ನಾ ಮಾತಾಡ್ತೀನಿ" ಎಂದೆ.

"ಹಚ್ಚಾಕ ಬರೂದಿಲ್ರಿ. ಬಿಡೋರನ್ನ ಯಾಕ ಬಿಡ್ತೀರಿ ಅಂತ ನಾವು ಕೇಳಬಾರದು, ಇರ್ರಿ ಅಂತ ಒತ್ತಾಯ ಮಾಡಬಾರದು. ನೀವೂ ಸಹಿ ಮಾಡೀರಿ."

"ತಪ್ಪಾತು ಅಂತ ಹೇಳಬಹುದೋ ಇಲ್ಲೋ?"

ಅಶ್ವಿನಿ ನಾಲ್ಕು ಪುಟಗಳನ್ನು ತಿರುವಿದಳು. ಅದರ ಬಗ್ಗೆ ಏನೂ ಇರಲಿಲ್ಲ. ಹೇಳಬಹುದು ಎಂದೂ ಇರಲಿಲ್ಲ, ಹೇಳಬಾರದು ಎಂದೂ ಇರಲಿಲ್ಲ. ಪರಿಶೀಲಕರು ತಪ್ಪು ಮಾಡುವ ಸಾಧ್ಯತೆಯನ್ನು ಆ ದೇಶ ಊಹಿಸಿರಲಿಲ್ಲ. ನಾನೂ ಊಹಿಸಿರಲಿಲ್ಲ.

ಡ್ಯಾಂಡಿನಾಂಗ್: ಶುಕ್ರವಾರ

ತರಗತಿಗೆ ಒಂದು ಗಂಟೆ ಮೊದಲೇ ಹೋಗಿ ಕೂತೆ. ಕಾರು ನಿಲ್ಲಿಸಲು ಜಾಗ ಹುಡುಕುತ್ತ ಅಶ್ವಿನಿ ಕೆಳಗೇ ಉಳಿದಳು. ಬಾಟಲಿ ಇನ್ನೂ ಮೇಜಿನ ಮೇಲಿತ್ತು. ನನ್ನ ಪರಿಶ್ರಮದ ಫಲವಾಗಿ ಬೋರ್ಡು ಹೊಳೆಯುತ್ತಿತ್ತು.

ಝರ್ಮೀನಾ ಬಂದಳು. ಪುಸ್ತಕವನ್ನು ಕಾಲಿನ್‌ನ ಮೇಜಿನ ಮೇಲೆ ಇಟ್ಟಳು, ಬಾಟಲಿ ತೆಗೆದುಕೊಂಡಳು, ನನಗೆ ತಲೆಬಾಗಿದಳು, ತಿರುಗಿದಳು. ಪರಿಶೀಲಕನು ಮಾತಾಡತಕ್ಕದ್ದಲ್ಲ. ತರಗತಿ ಇನ್ನೂ ಶುರುವಾಗದಿರುವುದರಿಂದ ನಾನು ಇನ್ನೂ ಪರಿಶೀಲಕನಲ್ಲ ಎಂದು ನನ್ನೊಳಗಿನ ವಕೀಲನೊಬ್ಬ ವಾದಿಸಿದ. ಎದ್ದು ನಿಂತೆ.

"ಅಮ್ಮಾ, ಬೋರ್ಡು ಒರೆಸಿದ್ದು ನಾನು. ತಪ್ಪಾಯಿತು," ಎಂದೆ ಇಂಗ್ಲಿಷಿನಲ್ಲಿ. ಅಮ್ಮಾ ಎಂಬುದು ಮಾತ್ರ ಕನ್ನಡದಲ್ಲೇ ಬಂತು.

"ಗೊತ್ತು, ನೋಡಿದೆ" ಎಂದಳು.

"ನಮ್ಮೂರಲ್ಲಿ ಹೋಗುವವರು ಒರೆಸಿ ಹೋಗುವುದು ಪದ್ಧತಿ. ಮುಂದೆ ಬರುವವರಿಗೆ ಮರ್ಯಾದೆ."

ಅವಳ ಮುಖ ಸ್ವಲ್ಪ ಸಡಿಲಾಯಿತು. "ನಮ್ಮ ಶಾಲೆಯಲ್ಲೂ ಹಾಗೇ. ನಾನೇ ಒರೆಸುತ್ತಿದ್ದೆ. ಆದರೆ ನಮ್ಮ ಟೀಚರು, ಯಾರದು ತಪ್ಪೋ ಅವರದನ್ನು ಮೊದಲು ಒರೆಸಲು ಹೇಳುತ್ತಿದ್ದರು. ಎಲ್ಲರೂ ನೋಡಲಿ ಅಂತ." ಹಾಗೆಂದು ಕೇಳಿದಳು: "ನೀವು ಯಾರದರಿಂದ ಶುರು ಮಾಡಿದಿರಿ?"

ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎಂದು ಹಿಂದೆ ಬರೆದಿದ್ದೇನೆ. ಓದುಗರು ಕ್ಷಮಿಸಬೇಕು. ಅದು ಪೂರ್ತಿ ನಿಜವಲ್ಲ. ಅವಳದು ಬೋರ್ಡಿನ ನಡುವೆ ಇತ್ತು. ಡಸ್ಟರು ಮೊದಲು ಹೋದದ್ದು ನಡುವಿಗೇ.

"ನಿಮ್ಮದರಿಂದ," ಎಂದೆ.

"ಅಷ್ಟು ತಪ್ಪಾಗಿತ್ತೇ?"

"ಇಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಣ್ಣೆದುರು ಇರುವುದು ಬೇಡವಾಗಿತ್ತು."

ಮೂವತ್ತನಾಲ್ಕು ವರ್ಷ ಕಲಿಸಿದವನು ಇದನ್ನು ಹೇಳಬೇಕಾದರೆ ಗದಗಿನಿಂದ ಅಷ್ಟು ದೂರ ಹೋಗಬೇಕಾಯಿತು. ಅವಳು ಬೋರ್ಡಿನ ತಳದ ತಟ್ಟೆಯಿಂದ ಮಾರ್ಕರ್ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಒರೆಸಿದವರು ನೀವು. ನೀವೇ ಬರೆಯಿರಿ."

ಬರೆದೆ. ಎರಡು ಚೌಕ, ಒಂದಕ್ಕೆ ಗೀಟು. ಮೂರು ಚೌಕ, ಒಂದಕ್ಕೆ ಗೀಟು. ಕೆಳಗೆ ೨/೫. ಬೋರ್ಡಿನ ಮೇಲೆ ತಿಳಿದೂ ತಿಳಿದೂ ತಪ್ಪು ಉತ್ತರವನ್ನು ನನ್ನ ಕೈಯಾರೆ ಬರೆದದ್ದು ಹುಟ್ಟಿದ ಮೇಲೆ ಅದೇ ಮೊದಲು.

"ಹೀಗಲ್ಲ," ಎಂದಳು. ಪೆನ್ನು ಕಸಿದುಕೊಂಡಳು. "ನಾನು ಪೆಟ್ಟಿಗೆಗಳನ್ನು ಒಂದೇ ಅಳತೆಯಲ್ಲಿ ಬರೆದಿದ್ದೆ. ನೀವು ಎರಡು ದೊಡ್ಡದು, ಮೂರು ಸಣ್ಣದು ಬರೆದಿದ್ದೀರಿ. ಗೋದಾಮಿನಲ್ಲಿ ಎಲ್ಲ ಪೆಟ್ಟಿಗೆಯೂ ಒಂದೇ ಅಳತೆ."

ನಿಜ. ಇಡೀ ವಸ್ತು ಒಂದೇ, ಅದನ್ನು ಎರಡು ಮಾಡಿದರೆ ದೊಡ್ಡ ತುಂಡು, ಮೂರು ಮಾಡಿದರೆ ಸಣ್ಣ ತುಂಡು ಎಂಬ ಅಭ್ಯಾಸ ನನ್ನ ಕೈಗೆ. ಅವಳ ತಪ್ಪನ್ನು ಬರೆಯಲು ಹೋಗಿ ನಾನು ತಪ್ಪು ಬರೆದಿದ್ದೆ. ಹಿಂದಿನ ದಿನ ಅಡುಗೆಮನೆಯಲ್ಲಿ ಬರೆದುಕೊಟ್ಟ ಕಾಗದದಲ್ಲೂ ಹಾಗೇ ಬರೆದಿದ್ದೆ! ಆ ಮಾರ್ಗದರ್ಶಕಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಝರ್ಮೀನಾ ತನ್ನ ಐದು ಚೌಕಗಳನ್ನು ಸರಿಯಾಗಿ ಬರೆದು ಹಿಂದೆ ಸರಿದು ನಿಂತಳು. ಹೋಗಲಿಲ್ಲ. ತನ್ನಷ್ಟಕ್ಕೇ ಎಂಬಂತೆ ಹೇಳಿದಳು: "ನಿನ್ನೆ ಪಾಳಿಯಲ್ಲಿ ಯೋಚಿಸಿದೆ. ಅರ್ಧ ರೊಟ್ಟಿ ನನ್ನ ಹತ್ತಿರ ಇದೆ. ಮಗಳು ಇನ್ನೊಂದು ತುಂಡು ಕೊಡುತ್ತಾಳೆ. ಈಗ ಅರ್ಧಕ್ಕಿಂತ ಜಾಸ್ತಿ ಇರಬೇಕು. ಐದರಲ್ಲಿ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ರೊಟ್ಟಿಗೆ ಇದು ಸುಳ್ಳು. ಆದರೆ ಪೆಟ್ಟಿಗೆಗೆ ನಿಜ. ಎರಡೂ ಹೇಗೆ?"

ನನ್ನ ದೊಡ್ಡ, ಸಣ್ಣ ಚೌಕಗಳೂ ಅವಳ ಒಂದೇ ಅಳತೆಯ ಚೌಕಗಳೂ ಪಕ್ಕಪಕ್ಕದಲ್ಲಿದ್ದವು. ಅರ್ಧ ಎಂದರೆ ಯಾವುದರ ಅರ್ಧ? ಅಷ್ಟೇ ಪ್ರಶ್ನೆ. ರೊಟ್ಟಿಯಲ್ಲಿ ಎರಡು ತುಂಡೂ ಒಂದೇ ರೊಟ್ಟಿಯವು, ಪೆಟ್ಟಿಗೆಯಲ್ಲಿ ಒಂದು ಪಾಲು ಎರಡರದು, ಇನ್ನೊಂದು ಮೂರರದು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿಬಿಟ್ಟರೆ ಅರ್ಧ ನಿಮಿಷದ ಕೆಲಸ. ಬಾಗಿಲ ಕಡೆ ನೋಡಿದೆ. ಅಶ್ವಿನಿ ಮತ್ತು ಕಾಲಿನ್ ಅಲ್ಲಿ ನಿಂತಿದ್ದರು, ಯಾವಾಗಿನಿಂದಲೋ. ಅಶ್ವಿನಿ ಕಣ್ಣಲ್ಲೇ, ಕೆಮ್ಮಬೇಡಿ ಎಂದಳು.

ಹಿಂದಿನ ಕುರ್ಚಿಗೆ ಹೋಗಿ ಕೂತೆ. ತುಟಿ ಬಿಗಿಹಿಡಿದೆ. ಉಳಿದವರು ಒಬ್ಬೊಬ್ಬರಾಗಿ ಬಂದರು. ಝರ್ಮೀನಾ ಇನ್ನೂ ಬೋರ್ಡಿನ ಮುಂದೆಯೇ ಇದ್ದಳು. ಗಡಿಯಾರ ನೋಡಿ ಕಾಲಿನ್, "ಎಲ್ಲಿದ್ದೆವು?" ಎಂದು ಕೇಳಿದ. ಅವಳೇ ತಿರುಗಿ ಹೇಳಿದಳು: "ಕೊಳೆತ ಪೆಟ್ಟಿಗೆಯಲ್ಲಿ." ತರಗತಿ ನಕ್ಕಿತು. ಒಂದು ಗಂಟೆ ಹನ್ನೊಂದು ಜನ ರೊಟ್ಟಿ, ಪೆಟ್ಟಿಗೆಗಳ ಮೇಲೆ ಜಗಳವಾಡಿದರು. ಯಾವುದರ ಅರ್ಧ ಎಂಬ ಮಾತು ಐವತ್ತನೇ ನಿಮಿಷದ ಸುಮಾರಿಗೆ ಬಂತು. ಹೇಳಿದ್ದು ಅವಳಲ್ಲ, ಬಸ್ ಓಡಿಸುವ ಇನ್ನೊಬ್ಬ. ಅವಳು, "ಹಾಂ!" ಎಂದು ಹಣೆ ಬಡಿದುಕೊಂಡಳು. ಆ ಐವತ್ತು ನಿಮಿಷ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಹೆಂಡತಿ ಇದನ್ನು ಇಂದಿಗೂ ನಂಬುವುದಿಲ್ಲ.

ಎಲ್ಲರೂ ಹೋದ ಮೇಲೆ ಕಾಲಿನ್‌ನ ಮೇಜು ನೋಡಿದೆ. ಪುಸ್ತಕ ಇರಲಿಲ್ಲ.

ಬೋರ್ಡು ತುಂಬಿ ತುಳುಕುತ್ತಿತ್ತು. ಅಶ್ವಿನಿ ಎದುರಿಗೆ ಕೂತು ಕೈಯಿಂದ ಬರೆದುಕೊಳ್ಳುತ್ತಿದ್ದಳು. ಮೂರನೇ ವಾರದ ಡಾಟಾ ಇದಾಗುತ್ತದೋ, ನಾಲ್ಕನೆಯದೋ, ಯಾವುದೂ ಆಗುವುದಿಲ್ಲವೋ ಅವಳಿಗೂ ಗೊತ್ತಿರಲಿಲ್ಲ, ಮಾರ್ಗದರ್ಶಕಿಗೂ ಗೊತ್ತಿರಲಿಲ್ಲ. ಬುಧವಾರದ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದಳು: ಬೋರ್ಡು ಲಭ್ಯವಿಲ್ಲ, ಪರಿಶೀಲಕರು ಒರೆಸಿದ್ದಾರೆ. ಲೋಕದ ಗಣಿತ ಸಂಶೋಧನೆಗೆ ನನ್ನ ಕಾಣಿಕೆ ಸದ್ಯಕ್ಕೆ ಅಷ್ಟು.

"ಸರ, ನಿಮ್ಮ ಫಾರ್ಮ್ ತುಂಬ್ರಿ, ಅದೊಂದು ಉಳದೈತಿ" ಎಂದು ಕಾಗದ ಕೊಟ್ಟಳು.

ಕೊನೆಯ ಪ್ರಶ್ನೆ: ನಿಮ್ಮ ಉಪಸ್ಥಿತಿಯಿಂದ ತರಗತಿಯ ಮೇಲೆ ಯಾವುದಾದರೂ ಪರಿಣಾಮ ಆಯಿತೇ? ಹೌದು, ಇಲ್ಲ. ಹೌದಾದರೆ ವಿವರಿಸಿ. ವಿವರಿಸಲು ಎರಡು ಗೆರೆ ಬಿಟ್ಟಿದ್ದರು.

ಹೌದು ಎಂಬಲ್ಲಿ ಗುರುತು ಹಾಕಿದೆ. ಮೊದಲ ಗೆರೆಯಲ್ಲಿ ಡಸ್ಟರಿನ ವರ್ಣನೆಯೇ ಮುಗಿಯಲಿಲ್ಲ. ಪರೀಕ್ಷೆಯ ಕೋಣೆಗಳಲ್ಲಿ ಸಾವಿರಾರು ಮಂದಿ ನನ್ನತ್ತ ಎತ್ತಿದ್ದ ಕೈಯನ್ನು ನಾನೂ ಎತ್ತಿದೆ.

"ಅಶ್ವಿನಿ, ಒಂದು ಅಡಿಷನಲ್ ಶೀಟ್ ಕೊಡವ್ವಾ. ಕಟ್ಟಾಕ ದಾರಾನೂ ಇದ್ರ ಕೊಡು."